ತಂಗಿಯ ಎದೆಯ ಸಪ್ಪಳ

ಜೇವರ್ಗಿಯ ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇಲ್ಲ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು ಒಂದಿತ್ತು. ಅದನ್ನು ನಾನೇ ಇಳಿಸಿ, ಸೆಲ್ಲು ತೆಗೆದು, ಹಳೆಯ ಟ್ರಂಕಿನಲ್ಲಿ ಹಾಕಿದೆ. "ಹೊತ್ತು ನೋಡಾಕ ಏನ್ ಮಾಡೋದು?" ಎಂದು ಗಂಡ ಕೇಳಿದರು. "ಮೊಬೈಲ್ ಅದ ಅಲ್ಲರಿ, ದಿನಾ ಅದರಾಗೇ ಮಾರಿ ಇಟ್ಕೊಂಡು ಕುಂತಿರ್ತೀರಿ," ಎಂದೆ. ಅವರು ಮತ್ತೆ ಕೇಳಲಿಲ್ಲ. ನನ್ನ ಬಾಯಿಗೆ ಅಂಜಿ ಸುಮ್ಮನಾದರು ಅಂತ ತಿಳಿಯಬೇಡಿ, ಕಾರಣ ಅವರಿಗೂ ಗೊತ್ತಿತ್ತು. ಪಕ್ಕದ ಕೋಣೆಯಿಂದ ಟಿಕ್ ಟಿಕ್ ಎಂದು ಕೇಳಿದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಅಲ್ಲಿ ನನ್ನ ತಂಗಿ ಕೂತಿದ್ದಾಳೆ ಅನ್ನಿಸುತ್ತದೆ. ಹೋಗಿ ನೋಡಿದರೆ ಯಾರೂ ಇರುವುದಿಲ್ಲ.

ತವರು ನಮ್ಮದು ಅಫಜಲಪುರದ ಕಡೆ, ಸೊನ್ನದ ಬ್ಯಾರೇಜಿಗೆ ಹತ್ತಿರದ ಒಂದು ಊರು. ತಂಗಿ ನನಗಿಂತ ಬಹಳ ಚಿಕ್ಕವಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಅವಳ ಗಂಟಲು ಬಾತು ಜ್ವರ ಬಂತು. ಜ್ವರ ಬಿಟ್ಟ ಮೇಲೆ ಮೊಣಕಾಲು ಊದಿತು. ಅದು ಇಳಿಯುವಷ್ಟರಲ್ಲಿ ಪಾದದ ಕೀಲು ಊದಿತು. "ಬೆಳೆಯೋ ಹುಡುಗಿ, ಹಿಂಗ ಕಾಲು ನೋಯ್ತಾವ," ಎಂದು ಅವ್ವ ಬಿಸಿ ಎಣ್ಣೆ ತಿಕ್ಕಿದಳು. ನೋವು ತಾನಾಗಿಯೇ ಹೋಯಿತು. ಹೋಯಿತು ಅಂದುಕೊಂಡೆವು. ಅದು ಹೋದದ್ದು ಎದೆಯೊಳಕ್ಕೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವರ್ಷವರ್ಷವೂ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುತ್ತೇನೆ. ಮೇಲೆ ಎರಡು ಕೋಣೆ, ಕೆಳಗೆ ಎರಡು. ಬಲಗಡೆಯ ಕೋಣೆಗಳು ಮೈಯಿಂದ ಬಂದ ರಕ್ತವನ್ನು ಪುಪ್ಪುಸಕ್ಕೆ ಕಳಿಸುತ್ತವೆ. ಎಡಗಡೆಯವು ಅಲ್ಲಿಂದ ಗಾಳಿ ತುಂಬಿಕೊಂಡು ಬಂದ ರಕ್ತವನ್ನು ಮೈಗೆಲ್ಲ ದೂಡುತ್ತವೆ. ಕೋಣೆಗಳ ನಡುವೆ ಬಾಗಿಲು, ಹೊರಹೋಗುವ ದಾರಿಗೂ ಬಾಗಿಲು. ಪುಸ್ತಕದಲ್ಲಿ ಅವಕ್ಕೆ ಕವಾಟ ಎನ್ನುತ್ತಾರೆ. ನಾನು ಮಕ್ಕಳಿಗೆ, "ಸೊನ್ನದ ಗೇಟು ನೋಡೀರಿಲ್ಲೋ? ನೀರು ಮುಂದ ಹೋಗಬೇಕು, ಹಿಂದ ಬರಬಾರದು. ಹಂಗೇ ಇದೂ," ಎನ್ನುತ್ತೇನೆ. ಆಮೇಲೆ ಅವರಿಗೆ ಅಚ್ಚರಿಯಾಗುವ ಒಂದು ಮಾತು ಹೇಳುತ್ತೇನೆ. ಎದೆ ಬಡಿಯುವ ಸದ್ದು ಅಂತ ನಾವು ಕೇಳುತ್ತೇವಲ್ಲ, ಅದು ಆ ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲು ಮುಚ್ಚಿದಾಗ ಲಬ್, ಹೊರದಾರಿಯ ಬಾಗಿಲು ಮುಚ್ಚಿದಾಗ ಡಬ್. ಮಕ್ಕಳು ತಮ್ಮ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತವೆ. ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.

ತಂಗಿಯ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲನ್ನು ಆ ಹಳೆಯ ಜ್ವರ ಕೆಡಿಸಿಬಿಟ್ಟಿತ್ತು. ವರ್ಷಗಳು ಕಳೆದಂತೆ ಬಾಗಿಲಿನ ಅಂಚುಗಳು ದಪ್ಪಗಾಗಿ, ಒಂದಕ್ಕೊಂದು ಅಂಟಿ, ದಾರಿ ಸಣ್ಣದಾಯಿತು. ರಕ್ತ ಮುಂದೆ ಹೋಗಲಾರದೆ ಹಿಂದೆ ಪುಪ್ಪುಸದಲ್ಲಿ ನಿಲ್ಲತೊಡಗಿತು. ಕೊಡ ಹೊತ್ತು ಬಂದರೆ ಅವಳಿಗೆ ಏದುಸಿರು. ಹೊಳೆಯ ದಂಡೆ ಏರಿ ಬಂದರೆ ಕಟ್ಟೆಯ ಮೇಲೆ ಕೂತೇ ಬಿಡುತ್ತಿದ್ದಳು. "ಭಾಳ ನಾಜೂಕ್ ಆಗ್ಯಾಳ ನಿಮ್ಮ ಹುಡುಗಿ," ಎಂದು ಓಣಿಯವರು ಆಡಿಕೊಂಡರು. ಕಡೆಗೆ ಸೊಲ್ಲಾಪುರದ ದವಾಖಾನೆಯಲ್ಲಿ ಎದೆ ತೆರೆದು, ಕೆಟ್ಟ ಬಾಗಿಲು ತೆಗೆದು, ಹೊಸದೊಂದನ್ನು ಕೂರಿಸಿದರು. ಬಳೆಯಂಥ ಒಂದು ಉಂಗುರ, ಅದರೊಳಗೆ ತೆರೆದು ಮುಚ್ಚುವ ಗಟ್ಟಿಯಾದ ಎರಡು ಅರೆಬಿಲ್ಲೆಗಳು.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಕೊರಳಲ್ಲಿದ್ದ ಲಿಂಗ ತೆಗೆಯಿರಿ ಎಂದರು. ಅವ್ವ ಜಗಳಕ್ಕೇ ನಿಂತಳು. ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವವರೆಗೆ ಮೈಮೇಲೆ ಇರಬೇಕು ಎನ್ನುವ ಮನೆ ನಮ್ಮದು. ಕೊನೆಗೆ ಅದನ್ನು ತಂಗಿಯ ತೋಳಿಗೆ ಕಟ್ಟಿ ಒಳಗೆ ಒಯ್ದರು. ಅವಳು ಹೊರಬಂದ ಮೇಲೆ ಅವ್ವ ಅದನ್ನು ಮತ್ತೆ ಕೊರಳಿಗೆ ಹಾಕಲು ಬಾಗಿದಳು. ಆಗಲೇ ಮೊದಲ ಸಲ ಆ ಸದ್ದು ಅವಳ ಕಿವಿಗೆ ಬಿತ್ತು. ಟಿಕ್. ಟಿಕ್. ಟಿಕ್. ಅವ್ವ ಕೈ ಹಿಂದಕ್ಕೆ ತೆಗೆದಳು.

"ಏನ್ ಬೇ ಇದು?"

"ಹೊಸ ಬಾಗಿಲು ಮುಚ್ಚೋ ಸಪ್ಪಳ, ಅವ್ವಾ. ಗಟ್ಟಿ ಅದ, ಅದಕ್ಕ ಹೊರಗ ಕೇಳ್ತದ," ಎಂದೆ.

"ಯಾವಾಗ ನಿಲ್ತದ?"

ನಿಲ್ಲಬಾರದು ಅವ್ವಾ, ಎಂದೆ. ಅವಳಿಗೆ ಅದು ಹಿಡಿಸಲಿಲ್ಲ.

ಮನೆಗೆ ಬಂದ ಮೇಲೆ ಆ ಸಪ್ಪಳ ನಮ್ಮೆಲ್ಲರ ಜೊತೆ ಬದುಕತೊಡಗಿತು. ರೊಟ್ಟಿ ಬಡಿಯುವಾಗ, ಓಣಿಯಲ್ಲಿ ಟ್ರ್ಯಾಕ್ಟರ್ ಹೋಗುವಾಗ ಕೇಳುತ್ತಿರಲಿಲ್ಲ. ಮಧ್ಯಾಹ್ನ ಊರು ಸದ್ದಡಗಿ ತಣ್ಣಗಾದಾಗ ಪಡಸಾಲೆಯ ತುಂಬ ಅದೇ. ಅವ್ವ ಬೆಳಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುವವಳು. ಅವಳಿಗೆ ಅದೊಂದೇ ತನ್ನದು ಎನ್ನುವ ಹೊತ್ತು. ಈಗ ಕಣ್ಣು ಮುಚ್ಚಿದರೆ ಟಿಕ್ ಟಿಕ್. "ಯಾರೋ ಕುಂತು ನನ್ನ ಮಗಳ ಆಯುಷ್ಯ ಎಣಸಾಕತ್ತಾರ ಅನಸ್ತದ," ಎಂದು ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು. ತಂಗಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮರುದಿನದಿಂದ ಅವ್ವನ ಪೂಜೆಯ ಹೊತ್ತಿಗೆ ಅವಳು ಹಿತ್ತಲಿಗೆ ಹೋಗಿ ಕೂರತೊಡಗಿದಳು. ಹೊಲಿಗೆ ಮಷೀನು ಕೊಡಿಸು ಎಂದು ಅಣ್ಣನಿಗೆ ದುಂಬಾಲು ಬಿದ್ದಳು. ಮಷೀನಿನ ಗಡಗಡದಲ್ಲಿ ತನ್ನ ಎದೆಯ ಸದ್ದು ಮುಚ್ಚಿಹೋಗುತ್ತದೆ ಅನ್ನುವುದು ಅವಳ ಲೆಕ್ಕ.

ಅದರ ಮೇಲೆ ಆಳಂದದ ಕಡೆಯ ಒಂದು ಸಂಬಂಧ ಬಂತು. ಆಪರೇಷನ್ ಆದ ವಿಷಯ ಮೊದಲೇ ಹೇಳಿದ್ದೆವು. "ಆಗ್ಲಿ ಬಿಡ್ರಿ, ಹುಡುಗಿ ಛಲೋ ಇದ್ರ ಸಾಕು," ಎಂದು ದೊಡ್ಡ ಮನಸ್ಸು ತೋರಿಸಿಕೊಂಡೇ ಬಂದರು. ತಂಗಿ ಚಹಾ ಕೊಟ್ಟು ಚಾಪೆಯ ಮೇಲೆ ಕೂತಳು. ಯಾರಿಗೂ ಮಾತು ಹೊಳೆಯದ ಒಂದು ಗಳಿಗೆ ಬಂತು ನೋಡಿ, ಹೆಣ್ಣು ನೋಡುವ ಮನೆಯಲ್ಲಿ ಅದು ಬಂದೇ ಬರುತ್ತದೆ. ಹುಡುಗನ ಮಾಮ ಗೋಡೆಗಳನ್ನೆಲ್ಲ ನೋಡಿ, "ಗಡಿಯಾರ ಎಲ್ಲಿ ಹಾಕೀರ್ರಿ? ಸಪ್ಪಳ ಕೇಳ್ತದ, ಗಡಿಯಾರ ಕಾಣವಲ್ದು," ಎಂದ. ಅವನ ಮಾತಿಗೆ ಟಿಕ್ ಟಿಕ್ ಜೋರಾಯಿತು, ಲಗುಲಗು ಓಡತೊಡಗಿತು. ನಮ್ಮ ನಿಮ್ಮ ಅಂಜಿಕೆ ನಮ್ಮೊಳಗೇ ಇರುತ್ತದೆ; ಅವಳ ಅಂಜಿಕೆ ಪಡಸಾಲೆಯಲ್ಲಿ ಕೂತ ಎಲ್ಲರ ಕಿವಿಗೂ ಬೀಳುತ್ತಿತ್ತು. ಹುಡುಗನ ತಾಯಿ ಕಪ್ಪು ಕೆಳಗಿಟ್ಟಳು. ಹೋಗಿ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಹಾಳಾಗಿ ಹೋಗಲಿ, ಎಂದು ನಾನು ಅಂದು ಬೈದಷ್ಟು ಯಾರನ್ನೂ ಬೈದಿಲ್ಲ. ತಂಗಿ ಮಾತ್ರ ಮಷೀನಿನ ಮುಂದೆ ಹೋಗಿ ಕೂತು, ಸೂಜಿಯ ಕೆಳಗೆ ಬಟ್ಟೆಯನ್ನೇ ಇಡದೆ ಸುಮ್ಮನೆ ತುಳಿಯುತ್ತಿದ್ದಳು.

ಈಗ ಗುಳಿಗೆಯ ಮಾತು ಹೇಳಬೇಕು. ರಕ್ತಕ್ಕೆ ತನ್ನ ನಾಳದ ಒಳಗೋಡೆಯ ನುಣುಪು ಗೊತ್ತು. ಅದಲ್ಲದ ಬೇರೆ ಏನೇ ತಾಗಿದರೂ ಗಾಯವಾಗಿದೆ ಎಂದು ತಿಳಿದು ಹೆಪ್ಪುಗಟ್ಟಲು ಹೊರಡುತ್ತದೆ. ಹೊಸ ಬಾಗಿಲ ಮೇಲೆ ಹಾಗೆ ಹೆಪ್ಪು ಕೂತರೆ ಬಾಗಿಲು ಆಡುವುದಿಲ್ಲ. ಅದಕ್ಕೇ ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಅವಳು ದಿನವೂ ನುಂಗಬೇಕು, ಜೀವ ಇರುವ ತನಕ. ಹಸಿರು ಸೊಪ್ಪಿನಲ್ಲಿ ಇರುವ ಒಂದು ಸತ್ವ ಈ ಗುಳಿಗೆಗೆ ಎದುರಾಳಿ. "ಪಲ್ಯ ಬಿಡು ಅನ್ನಂಗಿಲ್ಲ. ಆದ್ರ ದಿನಾ ಒಂದೇ ಅಳತಿ ಇರ್ಲಿ. ಒಮ್ಮಿಗೇ ಹೆಚ್ಚು ಮಾಡಬ್ಯಾಡ್ರಿ," ಎಂದು ಡಾಕ್ಟರು ಅವ್ವನ ಎದುರಿಗೇ ಹೇಳಿದ್ದರು. ಅವ್ವ ತಲೆ ಆಡಿಸಿದ್ದಳು.

ಆದರೆ ಎಳ್ಳಮಾವಾಸ್ಯೆ ಬಂತಲ್ಲ. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಮಾಡಿದ ಅಡುಗೆಯನ್ನು ಮೊದಲು ಬೆಳೆಗೆ ಚರಗ ಎಂದು ಚೆಲ್ಲಿ, ಹೊಲದಲ್ಲೇ ಕೂತು ಉಣ್ಣುವುದು. ಊಟದ ರಾಜ ಭಜ್ಜಿ. ಬೇರೆ ಊರಿನವರು ಎಣ್ಣೆಯಲ್ಲಿ ಕರಿದದ್ದು ಎಂದು ತಿಳಿಯಬಾರದು. ಮೆಂತ್ಯ, ಪಾಲಕ, ಕಡಲೆಯ ಎಳೆಸೊಪ್ಪು, ಹುಣಸೆಯ ಚಿಗುರು, ಆ ಕಾಲಕ್ಕೆ ಸಿಗುವ ಸೊಪ್ಪೆಲ್ಲ, ಹಸಿ ಅವರೆ, ತೊಗರಿ, ಬಟಾಣಿ ಎಲ್ಲ ಕೂಡಿಸಿ ಕಡಲೆಹಿಟ್ಟು ಕಲಸಿ ಗಟ್ಟಿಯಾಗಿ ಕುದಿಸುವುದು. ಸಜ್ಜೆರೊಟ್ಟಿಯ ಜೊತೆ ಅದನ್ನು ತಿಂದವರಿಗೇ ಗೊತ್ತು. ಒಂದು ದಿನಕ್ಕೆ ಅದು ಮುಗಿಯುವುದಿಲ್ಲ. ಅವರ ಮನೆಯದು ಇವರಿಗೆ, ಇವರದು ಅವರಿಗೆ, ಬಿಸಿ ಮಾಡಿದಷ್ಟೂ ರುಚಿ ಎಂದು ಅಮಾವಾಸ್ಯೆ ಕಳೆದು ಎಷ್ಟೋ ದಿನ ಭಜ್ಜಿಯೇ.

ಆ ವರ್ಷ ಹಬ್ಬಕ್ಕೆ ನಾನೂ ಹೋಗಿದ್ದೆ. ಅವ್ವ ತಂಗಿಯ ತಟ್ಟೆಗೆ ಎರಡನೇ ಸಲ ಭಜ್ಜಿ ಬಡಿಸುವಾಗ ಸೌಟು ಹಿಡಿದೆ.

"ಅವ್ವಾ, ಡಾಕ್ಟರ್ ಏನಂದಾರ?"

"ಹೇ, ನೀ ಬಿಡು ಬೇ. ಭೂಮಿತಾಯಿ ಪ್ರಸಾದ ಇದು. ಪ್ರಸಾದ ತಿಂದು ಯಾರರ ಕೆಟ್ಟಾರೇನು? ಹಬ್ಬಕ್ಕ ಒಂದ್ ದಿನ."

ಒಂದ್ ದಿನ ಎಂದಳು. ಜಗಳವಾಡಿಯೇ ಬಂದೆ, ನಾಳೆಯಿಂದ ಬೇಡ ಎಂದು ಅವ್ವ, ಅಣ್ಣ, ತಂಗಿ ಮೂವರಿಗೂ ಹೇಳಿ, ಬಸ್ಸು ಹತ್ತಿದೆ.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ನಾನು ಶಾಲೆಗೆ ಹೊರಟು ನಿಂತಾಗ ಅವ್ವನ ಫೋನು. ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟು ಕಾಲವಾಗಿತ್ತೋ.

"ಯವ್ವಾ, ಸಪ್ಪಳ ನಿಂತದ ಬೇ! ದಿನದಿನಕ್ಕ ಸಣ್ಣದಾಗಿ ಈಗ ಕೇಳವಲ್ದು. ಇವತ್ತು ಪೂಜಿಗಿ ಕುಂತಿದ್ದೆ, ಮಗ್ಗಲಿಗೇ ಕುಂತಾಳ, ಏನೂ ಇಲ್ಲ. ಶಿವ ಕಣ್ಣು ತೆರದಾನ. ಓಣಿಗೆಲ್ಲ ಸಕ್ಕರಿ ಹಂಚೀನಿ!"

"ಅವ್ವಾ, ಅಕಿ ಹ್ಯಾಂಗಿದಾಳ? ಉಸಿರು?" ಎಂದು ಕೂಗಿದೆ. "ಸ್ವಲ್ಪ ದಣಿವು ಅಂತಾಳ, ಹಬ್ಬದ ಓಡಾಟ," ಎಂದಳು. ಅಣ್ಣನಿಗೆ ಫೋನು ಹಚ್ಚಿ ಜೀಪು ತಯಾರು ಇಡು ಎಂದೆ. ಚಪ್ಪಲಿ ಯಾವುದು ಮೆಟ್ಟಿಕೊಂಡೆನೋ, ಬಸ್ಸಿನಲ್ಲಿ ನೋಡಿದರೆ ಒಂದೊಂದು ಕಾಲಿಗೆ ಒಂದೊಂದು ಬಗೆ. ಅಫಜಲಪುರ ತಲುಪುವವರೆಗೆ ಬಸ್ಸಿನ ಇಂಜಿನ್ನಿನ ಸದ್ದಿನೊಳಗೆ ಟಿಕ್ ಟಿಕ್ ಹುಡುಕುತ್ತ ಕೂತೆ. ಸಿಗಲಿಲ್ಲ.

ಊರಿನ ಓಣಿಗೆ ಕಾಲಿಟ್ಟರೆ ಪಕ್ಕದ ಮನೆಯ ಕಾಕಿ ನಗುತ್ತ, "ಛಲೋ ಆತಲ್ಲ ಬಿಡವ್ವಾ, ನಿನ್ನ ತಂಗೀದು," ಎಂದು ನನ್ನ ಅಂಗೈಗೆ ಚೂರು ಸಕ್ಕರೆ ಹಾಕಿದಳು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಓಡಿದೆ. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ತುಟಿಯ ಬಣ್ಣ ಹೋಗಿತ್ತು. ಮಾತಾಡಿಸದೆ ಅವಳ ಎದೆಗೆ ಕಿವಿ ಇಟ್ಟೆ. ಸಪ್ಪಳ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಟಿಕ್ ಎನ್ನುತ್ತಿರಲಿಲ್ಲ. ದಪ್ಪ ಕೌದಿ ಹೊದಿಸಿದ ಬಾಗಿಲನ್ನು ಯಾರೋ ತಟ್ಟಿದ ಹಾಗೆ ಮೆತ್ತಗೆ, ಮಬ್ಬಾಗಿ ಏನೋ ಬಡಿಯುತ್ತಿತ್ತು. ಆ ಸದ್ದು ನನ್ನ ಕಿವಿಯನ್ನು ಇನ್ನೂ ಬಿಟ್ಟಿಲ್ಲ.

ಅಣ್ಣ ಜೀಪು ತಂದ. ಕಲಬುರಗಿಯವರೆಗೆ ತಂಗಿ ನನ್ನ ಮೇಲೆ ಒರಗಿ ಕೂತೇ ಬಂದಳು. ಅವ್ವ ಎದುರಿಗೆ. ಅವಳಿಗೆ ಇನ್ನೂ ತಿಳಿದಿರಲಿಲ್ಲ. "ಛಲೋ ಆಗಿರೋ ಹುಡುಗೀನ ಯಾಕ ದವಾಖಾನಿಗಿ ಎಳಕೊಂಡು ಹೊಂಟೀರಿ?" ಎಂದು ಗೊಣಗುತ್ತಲೇ ಇದ್ದಳು. ದವಾಖಾನೆಯಲ್ಲಿ ಹೃದಯದ ಸ್ಕ್ಯಾನು, ಎಕೋ ಮಾಡಿದರು. ಬಾಗಿಲಿನ ಒಂದು ಬಿಲ್ಲೆ ಹೆಪ್ಪಿನಡಿ ಸಿಕ್ಕಿ ನಿಂತೇ ಬಿಟ್ಟಿತ್ತು, ಇನ್ನೊಂದು ಅರ್ಧ ಆಡುತ್ತಿತ್ತು.

"ಸಪ್ಪಳ ಕಮ್ಮಿ ಆಗಿ ಎಷ್ಟ್ ದಿನ ಆತ್ರಿ?" ಎಂದು ಡಾಕ್ಟರು ಕೇಳಿದರು.

"ಅಮಾಸಿ ಆಗಿ ವಾರ ಆಗಿತ್ತರಿ ಸಾಹೇಬ್ರ," ಎಂದು ಅವ್ವ ಮುಂದೆ ಬಂದಳು. "ನಾನೇ ಮೊದಲ ಕೇಳಿದೆನ್ರಿ. ಸಕ್ಕರಿ ಹಂಚಿದೆನ್ರಿ."

ಡಾಕ್ಟರು ಅವಳ ಮುಖ ನೋಡಲಿಲ್ಲ. ಸಪ್ಪಳ ನಿಲ್ಲುವುದೆಂದರೆ ಏನು ಎಂದು ಕನ್ನಡದಲ್ಲಿ, ಮೆಲ್ಲಗೆ, ಬಿಡಿಸಿ ಹೇಳಿದರು. ಹೆಪ್ಪು ಕರಗಿಸುವ ಔಷಧ ರಕ್ತನಾಳಕ್ಕೆ ಬಿಡುತ್ತೇವೆ, ಕರಗಿದರೆ ಬದುಕುತ್ತಾಳೆ, ಒಂದು ಚೂರು ಹೊರಟು ಮೆದುಳಿನ ನಾಳಕ್ಕೆ ಹೋಗಿ ಕೂತರೆ ಹೇಳಲಾಗದು ಎಂದರು. ಅವ್ವ ಕೇಳುತ್ತ ಕೇಳುತ್ತ ಗೋಡೆ ಹಿಡಿದು ಕೆಳಗೆ ಕೂತಳು. ಅವಳ ಸೆರಗಿನ ತುದಿಯಲ್ಲಿ ಹಂಚಿ ಉಳಿದ ಸಕ್ಕರೆಯ ಗಂಟು ಹಾಗೇ ಇತ್ತು. ಅದನ್ನು ಉಗುರಿನಿಂದ ಕೆದರಿದಳು, ಬಿಚ್ಚಲಿಲ್ಲ. ನಾನೇ ಬಿಚ್ಚಿ ಹೊರಗೆ ಚೆಲ್ಲಿ ಬಂದೆ. ಅವಳ ಮೇಲೆ ಸಿಟ್ಟಿತ್ತು, ಸುಳ್ಳು ಹೇಳಲಾರೆ. ಆದರೂ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.

ಮರುದಿನ ಮಧ್ಯಾಹ್ನ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಅವ್ವ ಮೊದಲು ಹೋದಳು. ಹೋದವಳು ಹೊರಗೆ ಬರಲೇ ಇಲ್ಲ. ನರ್ಸು ಬೈಯುವುದು ಕೇಳಿ ಬಾಗಿಲಲ್ಲಿ ಇಣುಕಿದೆ. ಅವ್ವ ತಂಗಿಯ ಮಂಚದ ಪಕ್ಕ ನಿಂತು, ಎಡ ಅಂಗೈ ಚಾಚಿ, ಕಣ್ಣು ಮುಚ್ಚಿದ್ದಳು. ಆ ಕೋಣೆಯ ಯಂತ್ರಗಳ ಕುಯ್ ಕುಯ್ ನಡುವೆ ನನಗೂ ಕೇಳಿತು. ಟಿಕ್. ಟಿಕ್. ಟಿಕ್. ಅವ್ವನ ಕಣ್ಣಿನಿಂದ ನೀರು ಇಳಿದು ಕೊರಳಿನ ವಿಭೂತಿಯೆಲ್ಲ ಕರಗಿಹೋಗಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಗಡಿಯಾರ ಇಳಿಸುತ್ತಿರಲಿಲ್ಲ.

ಮನೆಗೆ ಕಳಿಸುವ ಮುಂಚೆ ಒಂದು ಸಂಜೆ ನಾನೂ ತಂಗಿಯೂ ಇಬ್ಬರೇ ಇದ್ದೆವು. ಅವಳಿಗೆ ಕಿತ್ತಳೆ ಸುಲಿದುಕೊಡುತ್ತ, "ಅವ್ವಗ ತಿಳೀಲಿಲ್ಲ, ಆಗ್ಲಿ. ನಿಂಗೂ ತಿಳೀಲಿಲ್ಲೇನು? ಸಪ್ಪಳ ಕಮ್ಮಿ ಆದ್ರ ಓಡಿ ಬಾ ಅಂತ ಸೊಲ್ಲಾಪುರದಾಗ ನಿಂಗ ಹೇಳಿದ್ರಲ್ಲ," ಎಂದು ರೇಗಿದೆ.

ಅವಳು ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದು ಕೂತಳು. "ಗೊತ್ತಿತ್ತಕ್ಕ," ಎಂದಳು.

ನಾನು ಸುಲಿಯುವುದನ್ನು ನಿಲ್ಲಿಸಿದೆ.

"ಮನ್ಯಾಗ ಎಷ್ಟು ತಣ್ಣಗಿತ್ತು ಗೊತ್ತದ ಏನು? ಅವ್ವ ಪೂಜಿ ಹೊತ್ತಿಗಿ ನನ್ನ ಕರದು ಮಗ್ಗಲಿಗೆ ಕುಂಡರಿಸಿಕೊಂಡ್ಳು. ತಲಿ ನೇವರಿಸಿದ್ಳು. ನಾ ಇದ್ದೀನಿ ಅಂತ ಯಾರಿಗೂ ಗೊತ್ತಾಗ್ದಂಗ ಕುಂತಿದ್ದೆ. ಎಷ್ಟ್ ಛಂದ ಇತ್ತಕ್ಕ. ಇನ್ನೊಂದ್ ದಿನ ಇರ್ಲಿ, ಇನ್ನೊಂದ್ ದಿನ ಇರ್ಲಿ ಅಂದ್ಕೋತ ಹೇಳಲಿಲ್ಲ."

ಇದನ್ನು ನಾನು ಅವ್ವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಅವ್ವ ಈಗ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡೇ ಪೂಜೆ ಮಾಡುತ್ತಾಳೆ. ತಂಗಿ ಎದ್ದು ಹಿತ್ತಲಿಗೆ ಹೋದರೆ ಕಣ್ಣು ತೆರೆದು, "ಎಲ್ಲಿ ಹೊಂಟಿ ಬೇ? ಕುಂದ್ರು," ಎನ್ನುತ್ತಾಳೆ. ಎಳ್ಳಮಾವಾಸ್ಯೆಗೆ ಓಣಿಯವರು ಕಳಿಸಿದ ಭಜ್ಜಿ ಹೊಸ್ತಿಲು ದಾಟುವುದಿಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಅಣ್ಣ ತಾನೇ ಕರೆದೊಯ್ಯುತ್ತಾನೆ. ಎಲ್ಲ ಸರಿಯಾಗಿದೆ. ಆದರೂ ಹತ್ತನೇ ಕ್ಲಾಸಿನಲ್ಲಿ ಕವಾಟದ ಪಾಠ ಮಾಡುವಾಗ, ಅಡುಗೆಮನೆಯಲ್ಲಿ ಮೆಂತ್ಯ ಬಿಡಿಸುವಾಗ, ಎಷ್ಟ್ ಛಂದ ಇತ್ತಕ್ಕ ಎಂದ ಆ ದನಿ ಬಂದು ನನ್ನ ಹಿಂದೆ ನಿಲ್ಲುತ್ತದೆ.

ಅದಕ್ಕೇ ಒಂದು ರೂಢಿ ಮಾಡಿದ್ದೇನೆ. ದಿನವೂ ಸಂಜೆ ಅವಳು ಫೋನು ಮಾಡಬೇಕು. ಮಾತಿಗೆ ಮೊದಲು ಫೋನನ್ನು ಎದೆಗೆ ಹಿಡಿಯಬೇಕು. ಜೇವರ್ಗಿಯ ನನ್ನ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತು ನಾನು ಕೇಳುತ್ತೇನೆ. ಟಿಕ್ ಎಂದು ಗಟ್ಟಿಯಾಗಿ ಬಂದರೆ ಮಾತ್ರ, "ಹೂಂ, ಊಟಕ್ಕ ಏನ್ ಮಾಡೀರಿ?" ಎನ್ನುತ್ತೇನೆ.

ಈ ಚಳಿಗಾಲದಲ್ಲಿ, ಅಮಾವಾಸ್ಯೆ ಇನ್ನೂ ದೂರವಿರುವಾಗ, ಒಂದು ಸಂಜೆ ಅವಳು ಫೋನು ಮಾಡಿ ಎದೆಗೆ ಹಿಡಿಯಲೇ ಇಲ್ಲ.

"ಎದಿಗಿ ಹಚ್ಚು," ಎಂದೆ.

"ಇವತ್ತೊಂದ್ ದಿನ ಬ್ಯಾಡಕ್ಕ. ಬ್ಯಾಸರ ಆಗ್ಯಾದ. ನಂಗ ಈ ಸಪ್ಪಳ ಬ್ಯಾಡ ಆಗ್ಯಾದ."

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಬೈಯುತ್ತಿದ್ದ ದನಿಯಲ್ಲೇ ಬೈದೆ.

"ನಿಂಗ ಬ್ಯಾಡ ಇದ್ರ ಬ್ಯಾಡ ಬೇ. ನಂಗ ಬೇಕು. ಹಚ್ಚು ಫೋನು."

ಸೀರೆಯ ಸರಬರ ಕೇಳಿತು. ಆಮೇಲೆ ಅದು ಬಂತು. ಟಿಕ್. ಟಿಕ್. ಟಿಕ್.